ತರಗತಿಯಲ್ಲಿ ಬಳಸಲು ಉಚಿತ ಭಾಷಾ ಕಲಿಕೆಯ ಆ್ಯಪ್‌ಗಳು: ಯಾವುದು ಯಾವ ಕೆಲಸಕ್ಕೆ ಬರುತ್ತದೆ?

ಸಹಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ಆನೇಕಲ್ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಇಂಗ್ಲಿಷ್ ಮತ್ತು ಕನ್ನಡ ಪಾಠ ಮಾಡುತ್ತೇನೆ. ನಮ್ಮದು ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಊರು. ತರಗತಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳ ಜೊತೆಗೆ ಮನೆಯಲ್ಲಿ ತೆಲುಗು, ತಮಿಳು ಆಡುವ ಸ್ಥಳೀಯ ಮಕ್ಕಳಿದ್ದಾರೆ, ಕೆಲಸ ಅರಸಿ ಬಂದ ಕುಟುಂಬಗಳ ಹಿಂದಿ, ಒಡಿಯಾ ಆಡುವ ಮಕ್ಕಳೂ ಇದ್ದಾರೆ. ಹೀಗಾಗಿ ನನ್ನ ಮುಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಎಲ್ಲರಿಗೂ ಇಂಗ್ಲಿಷ್ ಓದುವ ರೂಢಿ ಮಾಡಿಸಬೇಕು. ವರ್ಷದ ನಡುವೆ ಬಂದು ಸೇರುವ ಮಕ್ಕಳಿಗೆ ಕನ್ನಡ ಅಕ್ಷರವನ್ನೂ ದಿನಬಳಕೆಯ ಮಾತನ್ನೂ ಬೇಗ ಹತ್ತಿಸಬೇಕು.

ಪತ್ರಿಕೆಗಳಲ್ಲಿ, ಯೂಟ್ಯೂಬ್‌ನಲ್ಲಿ ಆ್ಯಪ್‌ಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ. ಆದರೆ ಅವೆಲ್ಲವೂ ಕೈಯಲ್ಲಿ ಸ್ವಂತ ಫೋನು ಹಿಡಿದು, ತನಗೆ ಬಿಡುವಾದಾಗ ಒಬ್ಬನೇ ಕುಳಿತು ಕಲಿಯುವ ವಯಸ್ಕನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮಲ್ಲಿ ಇರುವುದು ನನ್ನ ಫೋನು, ದಾನಿಗಳು ಕೊಟ್ಟ ಒಂದು ಟಿವಿ, ಬೆರಳೆಣಿಕೆಯ ಟ್ಯಾಬ್‌ಗಳು ಮತ್ತು ಬಂದರೆ ಬಂತು ಹೋದರೆ ಹೋಯಿತು ಎನ್ನುವ ನೆಟ್‌ವರ್ಕ್. ಪೀರಿಯಡ್ ನಲವತ್ತು ನಿಮಿಷದ್ದು. ಹಾಜರಿ, ಹೋಮ್‌ವರ್ಕ್ ನೋಡುವುದು ಕಳೆದರೆ ಉಳಿಯುವ ಹೊತ್ತು ನಿಮಗೆ ಗೊತ್ತೇ ಇದೆ. ಡ್ಯುಯೊಲಿಂಗೊ, ಗೂಗಲ್‌ನ ರೀಡ್ ಅಲಾಂಗ್, ಕೇಂದ್ರ ಸರ್ಕಾರದ ಭಾಷಾ ಸಂಗಮ, ಆ್ಯಂಕಿ, ಇವಿಷ್ಟನ್ನು ನಾನು ತೆರೆದು ನೋಡಿದ್ದೇನೆ. ಇವುಗಳಲ್ಲಿ ಯಾವುದನ್ನು ತರಗತಿಯ ಒಳಗೆ ಬಳಸಬಹುದು, ಯಾವುದನ್ನು ಮನೆಗೆಲಸಕ್ಕೆ ಬಿಡಬಹುದು, ಯಾವುದನ್ನು ಕೈಬಿಡುವುದೇ ವಾಸಿ ಎಂದು, ಶಾಲೆಯಲ್ಲಿ ನಿಜವಾಗಿ ಬಳಸಿದವರು ವಿವರವಾಗಿ ಬರೆದರೆ ತುಂಬ ಉಪಕಾರವಾಗುತ್ತದೆ. “ಇದು ಚೆನ್ನಾಗಿದೆ” ಎಂಬ ಒಂದು ಸಾಲಿಗಿಂತ, ಯಾವ ಕೆಲಸಕ್ಕೆ ಚೆನ್ನಾಗಿದೆ ಎಂಬುದು ನನಗೆ ಮುಖ್ಯ.

ಇಂಗ್ಲಿಷ್ ಶಿಕ್ಷಕ, ಪ್ರೌಢಶಾಲೆ, ಧಾರವಾಡ

ಮೇಡಂ, ಡ್ಯುಯೊಲಿಂಗೊವನ್ನು ನಾನು ಒಂಬತ್ತನೆಯ ತರಗತಿಯವರಿಗೆ ಮನೆಗೆಲಸವಾಗಿ ಕೊಡುತ್ತಿರುವುದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಇದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲೂಯಿಸ್ ಫಾನ್ ಆನ್ ಮತ್ತು ಸೆವೆರಿನ್ ಹ್ಯಾಕರ್ ಕಟ್ಟಿದ ಸಂಸ್ಥೆ. 2012ರಲ್ಲಿ ಎಲ್ಲರಿಗೂ ತೆರೆಯಿತು. 2015ರಲ್ಲಿ ‘ಡ್ಯುಯೊಲಿಂಗೊ ಫಾರ್ ಸ್ಕೂಲ್ಸ್’ ಎಂಬ ಶಿಕ್ಷಕರ ವಿಭಾಗ ಬಂತು, ಅದಕ್ಕೆ ಹಣ ಕೊಡಬೇಕಾಗಿಲ್ಲ. ಶಿಕ್ಷಕರು ಅಲ್ಲಿ ಒಂದು ತರಗತಿಯನ್ನು ತೆರೆದು, ಸೇರುವ ಕೊಂಡಿಯನ್ನು ಮಕ್ಕಳಿಗೆ ಕೊಟ್ಟರೆ, ಯಾರು ಯಾವ ಪಾಠ ಮುಗಿಸಿದರು, ಎಷ್ಟು ಅಂಕ ಗಳಿಸಿದರು ಎಂಬುದು ಒಂದೇ ಕಡೆ ಕಾಣುತ್ತದೆ. ವಾರದೊಳಗೆ ಇಷ್ಟು ಅಂಕ ಆಗಬೇಕು ಎಂದು ಕೆಲಸ ನಿಗದಿ ಮಾಡಲೂಬಹುದು. ಯಾರು ಅಭ್ಯಾಸ ಮಾಡಿದ್ದಾರೆ ಎಂದು ತಿಳಿಯಲು ರಾಶಿ ನೋಟ್‌ಬುಕ್ ತಿರುವಿಹಾಕುವ ಕೆಲಸ ಇಲ್ಲಿ ತಪ್ಪುತ್ತದೆ. ಮಕ್ಕಳು ಹೇಳಿಸಿಕೊಳ್ಳದೆ ಅಭ್ಯಾಸಕ್ಕೆ ಕೂರುತ್ತಾರೆ ಎನ್ನುವುದನ್ನೂ ನಾನು ಒಪ್ಪಿಕೊಳ್ಳಲೇಬೇಕು. ನಮ್ಮಲ್ಲಿ ಇಂಗ್ಲಿಷ್ ಎಂದರೆ ಬಾಯಿ ಕಟ್ಟಿಕೊಳ್ಳುತ್ತಿದ್ದ ಹುಡುಗರು ಸರಳ ವಾಕ್ಯಗಳನ್ನು ಅಳುಕಿಲ್ಲದೆ ಜೋಡಿಸುವ ಮಟ್ಟಕ್ಕೆ ಬಂದಿದ್ದಾರೆ.

ಇನ್ನು ಮಿತಿಗಳು. ಅದರ ಪಾಠಗಳ ಕ್ರಮ ಅದರದೇ. ನಮ್ಮ ಪಠ್ಯಪುಸ್ತಕದ ಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ, ಶಿಕ್ಷಕರು ತಮ್ಮ ಪದಪಟ್ಟಿಯನ್ನು ಒಳಗೆ ಸೇರಿಸುವಂತಿಲ್ಲ. ಈ ವಾರ ತರಗತಿಯಲ್ಲಿ ಭೂತಕಾಲ ನಡೆಯುತ್ತಿದ್ದರೆ ಆ್ಯಪ್‌ನಲ್ಲಿ ಮಗು ಹಣ್ಣುತರಕಾರಿಯ ಹೆಸರಿನಲ್ಲಿ ಇರುತ್ತದೆ. ಎರಡನೆಯ ಮಿತಿ ಮಾಧ್ಯಮ ಭಾಷೆಯದು. ಇಂಗ್ಲಿಷನ್ನು ಹಿಂದಿಯ ಮೂಲಕ ಕಲಿಸುವ ಪಾಠಕ್ರಮ ಬಹಳ ಹಿಂದಿನಿಂದಲೂ ಇದೆ, ಆದರೆ ನಮ್ಮ ಕಡೆಯ ಮಕ್ಕಳಿಗೆ ಹಿಂದಿಯೇ ಮೂರನೆಯ ಭಾಷೆ. ಭಾಷೆಗಳ ಪಟ್ಟಿ ಬದಲಾಗುತ್ತಲೇ ಇರುತ್ತದೆ; 2025ರ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ 148 ಹೊಸ ಪಾಠಕ್ರಮಗಳನ್ನು ಸೇರಿಸಿದರು. ಆದ್ದರಿಂದ ಶುರು ಮಾಡುವ ಮೊದಲು ನೀವೇ ಭಾಷೆ ಆರಿಸುವ ಪುಟ ತೆರೆದು, ನಿಮ್ಮ ಮಕ್ಕಳಿಗೆ ಒಗ್ಗುವ ಭಾಷೆಯ ಮೂಲಕ ಇಂಗ್ಲಿಷ್ ಇದೆಯೇ ಎಂದು ನೋಡಿಕೊಳ್ಳಿ. ಮೂರನೆಯದಾಗಿ, ಅದರ ಉಚಿತ ಆವೃತ್ತಿಯನ್ನು ನೆಟ್‌ವರ್ಕ್ ಇಲ್ಲದ ಕಡೆ ನೆಚ್ಚಿಕೊಳ್ಳುವಂತಿಲ್ಲ. ಮಾತನಾಡಿಸುವ ಅಭ್ಯಾಸಗಳನ್ನು ತರಗತಿಯ ಗದ್ದಲದಲ್ಲಿ ಮಾಡಿಸುವುದು ಕಷ್ಟ, ಸೆಟ್ಟಿಂಗ್ಸ್‌ನಲ್ಲಿ ಅವನ್ನು ನಿಲ್ಲಿಸಿಬಿಡುವುದು ಲೇಸು.

ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಫೋನು ಸಿಗುವ ಪ್ರೌಢಶಾಲೆಯ ಮಕ್ಕಳಿಗೆ ಇದು ಮನೆಗೆಲಸವಾಗಿ ಒಳ್ಳೆಯದು. ತರಗತಿಯ ಒಳಗೆ ಟಿವಿಯಲ್ಲಿ ಹಾಕಿ ಎಲ್ಲರಿಂದ ಉತ್ತರ ಹೇಳಿಸಿದರೆ ಮುಂದಿನ ಬೆಂಚಿನ ನಾಲ್ವರು ಉತ್ತರ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಅದಕ್ಕೆ ಆ್ಯಪ್ ಬೇಕಾಗಿಲ್ಲ.

ಕನ್ನಡ ಶಿಕ್ಷಕಿ, ಖಾಸಗಿ ಶಾಲೆ, ಬೆಂಗಳೂರು

ನಾನು ಕೇಂದ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಕಲಿಸುತ್ತೇನೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಮೇಲೆ ನಮ್ಮಂಥ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಕನ್ನಡ ಶುರುವಾಗಿದೆ, ಮನೆಯಲ್ಲಿ ಕನ್ನಡ ಕಿವಿಗೆ ಬೀಳದ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಆದ್ದರಿಂದ ಮೇಡಂ ಅವರ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಬೇಸರದಿಂದಲೇ ಹೇಳಬೇಕಾದ ಮಾತು: ಕನ್ನಡವನ್ನು ಹೊಸದಾಗಿ ಕಲಿಯುವ ಮಗುವಿಗೆ, ಅಕ್ಷರದಿಂದ ಹಿಡಿದು ವಾಕ್ಯದವರೆಗೆ ಕೈಹಿಡಿದು ಕರೆದೊಯ್ಯುವ, ಪೂರ್ಣವಾಗಿ ಉಚಿತವಾದ, ಶಾಲೆಗೆ ತಕ್ಕ ಆ್ಯಪ್ ನನ್ನ ಕಣ್ಣಿಗೆ ಬಿದ್ದಿಲ್ಲ. ಡ್ಯುಯೊಲಿಂಗೊದಲ್ಲಿ ಕಲಿಯಬಹುದಾದ ಭಾಷೆಗಳ ಪೈಕಿ ಹಿಂದಿ ಇದೆ, ಕನ್ನಡ ಇಲ್ಲ. ಕೋಟಿಗಟ್ಟಲೆ ಜನ ಆಡುವ ಭಾಷೆಗೆ ಈ ಸ್ಥಿತಿ ಇರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಮೆಮ್‌ರೈಸ್ ಎಂಬ ಇನ್ನೊಂದು ಭಾಷಾ ಆ್ಯಪ್‌ನಲ್ಲಿ ಬಳಕೆದಾರರೇ ಸೇರಿ ಮಾಡಿದ ಕನ್ನಡ ಪದಸಂಗ್ರಹಗಳಿದ್ದವು. ಆ ಸಂಸ್ಥೆ ಬಳಕೆದಾರರ ಪಾಠಗಳನ್ನೆಲ್ಲ ಮುಖ್ಯ ಆ್ಯಪ್‌ನಿಂದ ಹೊರಗಿಟ್ಟು ಬೇರೆ ಜಾಲತಾಣಕ್ಕೆ ಸರಿಸಿತು.

ಭಾಷಾ ಸಂಗಮ ಶಿಕ್ಷಣ ಸಚಿವಾಲಯ 2021ರಲ್ಲಿ ತಂದ ಆ್ಯಪ್. 22 ಭಾಷೆಗಳಲ್ಲಿ ದಿನಬಳಕೆಯ ನೂರಕ್ಕೂ ಹೆಚ್ಚು ವಾಕ್ಯಗಳನ್ನು ಕೇಳಿಸಿ ಕಲಿಸುತ್ತದೆ. ಹೊಸದಾಗಿ ಬಂದ ಮಗುವಿಗೆ ಮೊದಲ ವಾರಗಳಲ್ಲಿ, ಕನ್ನಡದ ಮಕ್ಕಳಿಗೆ ಒಡಿಯಾದಲ್ಲಿ ನಾಲ್ಕು ಮಾತು ಕಲಿಸಿ ಆ ಮಗುವನ್ನು ಮಾತಿಗೆ ಎಳೆಯಲು ಅದು ತುಂಬ ಸೊಗಸಾಗಿ ಒದಗುತ್ತದೆ. ಆದರೆ ಅದು ಪರಿಚಯಕ್ಕೆಂದು ಮಾಡಿದ್ದು, ಅದರಿಂದ ಓದುಬರಹ ಬರುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯನ್ನೂ ಇಲ್ಲಿ ಹೆಸರಿಸಬೇಕು. 2016ರಿಂದ ಇರುವ ಈ ಯೋಜನೆಯಲ್ಲಿ ಅನೇಕ ಭಾರತೀಯ ಭಾಷೆಗಳ ನಿಘಂಟುಗಳು ಉಚಿತವಾಗಿವೆ. ಇದು ಮಕ್ಕಳಿಗಿಂತ ಶಿಕ್ಷಕರಿಗೆ ಹೆಚ್ಚು ಉಪಯೋಗ.

ನಾನು ಕೊನೆಗೆ ನೆಲೆಗೊಂಡದ್ದು ಆ್ಯಂಕಿಯಲ್ಲಿ. ಇದು 2006ರಲ್ಲಿ ಡೇಮಿಯನ್ ಎಲ್ಮ್ಸ್ ಆರಂಭಿಸಿದ ಮುಕ್ತ ತಂತ್ರಾಂಶ. ಅದರಲ್ಲಿ ಪಾಠ ಎಂಬುದು ಇರುವುದೇ ಇಲ್ಲ, ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆಯುವ ಖಾಲಿ ಮಿಂಚುಪಟ್ಟಿಗಳು (ಫ್ಲ್ಯಾಶ್‌ಕಾರ್ಡ್) ಇರುತ್ತವೆ. ನಾವು ಬರೆದದ್ದನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದಿಡುವುದಷ್ಟೇ ಅದರ ಕೆಲಸ. ತಪ್ಪಿದ ಪದ ಬೇಗ ಮರಳಿ ಬರುತ್ತದೆ, ಸರಿಯಾದದ್ದು ದಿನಗಳ, ಆಮೇಲೆ ವಾರಗಳ ಅಂತರದಲ್ಲಿ ಬರುತ್ತದೆ. ಖಾಲಿ ಇರುವುದೇ ಕನ್ನಡದ ಮಟ್ಟಿಗೆ ಅನುಕೂಲವಾಯಿತು. ಏಕೆಂದರೆ ನಮ್ಮ ಮಕ್ಕಳು ಎಡವುವ ಜಾಗ ಯಾವ ಸಿದ್ಧ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ದೇವನಾಗರಿ ಕಲಿತು ಬಂದ ಮಗುವಿಗೆ ‘ರಸ್ತೆ’ ಎಂಬ ಪದ ಕೊಟ್ಟು ನೋಡಿ. ಹಿಂದಿಯಲ್ಲಿ ಎರಡು ವ್ಯಂಜನ ಕೂಡಿದಾಗ ಸಾಮಾನ್ಯವಾಗಿ ಮೊದಲನೆಯದು ಅರ್ಧವಾಗಿ ಎರಡನೆಯದು ಪೂರ್ತಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕೆಳಗೆ ಒತ್ತಾಗುತ್ತದೆ. ಅದೂ ಸಾಲದು, ‘ತೆ’ಯಲ್ಲಿ ಉಚ್ಚರಿಸಬೇಕಾದ ಎತ್ವ ಬರವಣಿಗೆಯಲ್ಲಿ ‘ಸ’ದ ತಲೆಯ ಮೇಲೆ ಕುಳಿತಿರುತ್ತದೆ. ಮಗು ಕಂಡದ್ದನ್ನು ಕಂಡಂತೆ ‘ರಸೆತ’ ಎಂದು ಓದುತ್ತದೆ. ಅದು ಅಜಾಗ್ರತೆಯಲ್ಲ, ಹಿಂದಿನ ಲಿಪಿಯ ತರ್ಕವನ್ನೇ ಮಗು ಇಲ್ಲಿ ಅನ್ವಯಿಸುತ್ತಿದೆ. ‘ಸೂರ್ಯ’, ‘ಕರ್ನಾಟಕ’ಗಳ ಅರ್ಕಾವೊತ್ತು ಇನ್ನೊಂದು ತೊಡಕು, ಮೊದಲು ಉಚ್ಚರಿಸುವ ರಕಾರ ಬರವಣಿಗೆಯಲ್ಲಿ ಮುಂದಿನ ಅಕ್ಷರದ ಬಲಕ್ಕೆ ಬರುತ್ತದೆ. ನಾನು ‘ರಸ್ತೆ, ಹಸ್ತ, ಪುಸ್ತಕ, ಬಸ್ಸು’ ಎಂಬಂತೆ ಒಂದೇ ತೊಡಕಿನ ಪದಗಳ ಗುಂಪು ಮಾಡಿ, ಪಟ್ಟಿಯ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಚಿತ್ರ ಮತ್ತು ಧ್ವನಿ ಹಾಕಿದ್ದೇನೆ. ಧ್ವನಿಯನ್ನು ಕನ್ನಡ ಚೆನ್ನಾಗಿ ಓದುವ ಸಹಪಾಠಿಗಳಿಂದಲೇ ರೆಕಾರ್ಡ್ ಮಾಡಿಸಿದೆ. ಗೆಳೆಯನ ಧ್ವನಿ ಟ್ಯಾಬ್‌ನಲ್ಲಿ ಕೇಳಿದಾಗ ಹೊಸ ಮಗು ಅದನ್ನು ಅನುಕರಿಸಲು ತೋರಿಸುವ ಉತ್ಸಾಹ ಬೇರೆಯೇ.

ನಲಿಕಲಿ ಶಿಕ್ಷಕ, ರಾಯಚೂರು ಜಿಲ್ಲೆ

ಆ್ಯಂಕಿ ಬಗ್ಗೆ ಮೇಡಂ ಬರೆದಿರುವುದು ಸರಿ, ಆದರೆ ಒಂದು ತೊಡಕನ್ನು ಸೇರಿಸಬೇಕು. ಅದು ಒಬ್ಬ ಕಲಿಕಾರ್ಥಿಯ ಮರೆವನ್ನು ಲೆಕ್ಕಹಾಕುವ ತಂತ್ರಾಂಶ. ಒಂದೇ ಟ್ಯಾಬ್ ಐದು ಮಕ್ಕಳ ಕೈಯಲ್ಲಿ ತಿರುಗಿದರೆ ಐವರ ಸರಿತಪ್ಪುಗಳೂ ಒಂದೇ ಲೆಕ್ಕಕ್ಕೆ ಬಿದ್ದು, ಯಾರಿಗೂ ಸರಿಹೊಂದದ ವೇಳಾಪಟ್ಟಿ ಆಗುತ್ತದೆ. ಇದಕ್ಕೆ ಎರಡು ದಾರಿ ಇವೆ. ಇಡೀ ಗುಂಪನ್ನೇ ಒಬ್ಬ ಕಲಿಕಾರ್ಥಿ ಎಂದು ಭಾವಿಸಿ, ಪಟ್ಟಿಯನ್ನು ಟಿವಿಯಲ್ಲಿ ತೋರಿಸಿ, ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿದಮೇಲೆ, ಹೆಚ್ಚಿನವರು ತಪ್ಪಿದ್ದರೆ ‘ಮತ್ತೆ’ ಎಂದೂ ಇಲ್ಲದಿದ್ದರೆ ‘ಸರಿ’ ಎಂದೂ ಶಿಕ್ಷಕರೇ ಒತ್ತುವುದು ಒಂದು.

ಇನ್ನೊಂದಕ್ಕೆ ಆ್ಯಪ್ಪೇ ಬೇಡ. ಜರ್ಮನ್ ಭಾಷೆಯಲ್ಲಿ ಬರೆದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚುರಪಡಿಸಿದ ಡಬ್ಬಿಯ ವಿಧಾನವಿದೆ: ಐದು ಮನೆಗಳ ಒಂದು ಪೆಟ್ಟಿಗೆ. ಮೊದಲ ಮನೆಯ ಪಟ್ಟಿಗಳನ್ನು ದಿನವೂ ನೋಡಬೇಕು. ಸರಿ ಹೇಳಿದ್ದು ಮುಂದಿನ ಮನೆಗೆ ಹೋಗುತ್ತದೆ, ಅಲ್ಲಿನವನ್ನು ಇನ್ನಷ್ಟು ಅಂತರದಲ್ಲಿ ನೋಡಿದರೆ ಸಾಕು. ತಪ್ಪಿದ್ದು ಮತ್ತೆ ಮೊದಲನೆಯ ಮನೆಗೆ. ಚಪ್ಪಲಿ ಡಬ್ಬಿಗೆ ರಟ್ಟಿನ ತಡೆ ಹಾಕಿ ಮಗುವಿಗೊಂದರಂತೆ ಮಾಡಿಕೊಡಬಹುದು. ಕಾರ್ಡುಗಳಲ್ಲಿ ಕಲಿಸುವುದು ನಲಿಕಲಿಯವರಾದ ನಮಗೆ ಹೊಸದೇನಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏರುವುದೇ ನಮ್ಮ ಪದ್ಧತಿ. ನಮ್ಮ ಕಡೆ ಬೇಸಿಗೆಯ ಕರೆಂಟು ಹೇಗೆಂದು ಬಲ್ಲವರಿಗೆ ಈ ಡಬ್ಬಿಯ ಬೆಲೆ ತಿಳಿಯುತ್ತದೆ.

ಇಡೀ ತರಗತಿಗೆ ಒಂದೇ ಫೋನು ಇದ್ದವರು ಪ್ಲಿಕರ್ಸ್ ನೋಡಬೇಕು. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಅದರ ಮೇಲೆ ಚೌಕಾಕಾರದ ಕಪ್ಪು ಗುರುತು, ನಾಲ್ಕು ಅಂಚಿಗೆ ಎ, ಬಿ, ಸಿ, ಡಿ ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯುತ್ತದೆ. ಶಿಕ್ಷಕರು ಫೋನಿನ ಕ್ಯಾಮೆರಾವನ್ನು ತರಗತಿಯ ಈ ಕೊನೆಯಿಂದ ಆ ಕೊನೆಗೆ ತೋರಿಸಿದರೆ ಯಾರು ಏನು ಉತ್ತರಿಸಿದರು ಎಂಬುದು ದಾಖಲಾಗುತ್ತದೆ. ಪ್ರತಿ ಕಾರ್ಡಿನ ಗುರುತೂ ಬೇರೆಯಾದ್ದರಿಂದ ಪಕ್ಕದವನದನ್ನು ನೋಡಿ ತಿರುಗಿಸಲು ಬರುವುದಿಲ್ಲ. ಉತ್ತರ ಗೊತ್ತಿದ್ದೂ ಬಾಯಿಬಿಡದ ಮಕ್ಕಳನ್ನು ಇದು ಬೆಳಕಿಗೆ ತರುತ್ತದೆ. ಇದು ಭಾಷೆ ಕಲಿಸುವ ಆ್ಯಪ್ ಅಲ್ಲ ಎನ್ನುವುದು ನಿಜ. ಆದರೆ ಧಾರವಾಡದ ಸರ್ ಹೇಳಿದ ‘ಮುಂದಿನ ಬೆಂಚಿನ ನಾಲ್ವರು’ ಎಂಬ ಸಮಸ್ಯೆಗೆ ಉತ್ತರ ಇದರಲ್ಲಿದೆ.

ಪಾಲಕರು, ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಶಿಕ್ಷಕರ ಚರ್ಚೆಯಲ್ಲಿ ಪಾಲಕನಾಗಿ ಮಾತು ಸೇರಿಸುತ್ತಿದ್ದೇನೆ. ‘ಉಚಿತ’ ಎಂದಾಗ ಎರಡು ವಿಷಯ ವಿಚಾರಿಸಬೇಕು.

ಮೊದಲನೆಯದು ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಎಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪಾಲಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎಂಬುದೂ, ಮಕ್ಕಳನ್ನೇ ಗುರಿಯಾಗಿಸಿ ಜಾಹೀರಾತು ತೋರಿಸಬಾರದು ಎಂಬುದೂ ಆ ಕಾಯ್ದೆಯ ಆಶಯ. ಶಾಲೆಯೊಂದು ಮಕ್ಕಳ ಪೂರ್ತಿ ಹೆಸರು, ಹುಟ್ಟಿದ ದಿನ, ತಾಯಿಯ ಫೋನ್ ನಂಬರ್ ಹಾಕಿ ನಲವತ್ತು ಖಾತೆ ತೆರೆಯುವುದು ಸಣ್ಣ ವಿಷಯವಲ್ಲ. ಖಾತೆಯೇ ಬೇಡದ ಸಾಧನ ಸಿಕ್ಕರೆ ಅದೇ ಒಳ್ಳೆಯದು. ಖಾತೆ ಬೇಕೇ ಬೇಕು ಎಂದಾದರೆ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಿ, ಫೋಟೋ ಹಾಕಬೇಡಿ, ಪಾಲಕರ ಸಭೆಯಲ್ಲಿ ವಿಷಯ ತಿಳಿಸಿ ಸಹಿ ಪಡೆದುಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿಯಲ್ಲಿ ಒಂದು ಸಾಲು ಬರೆಸಿಟ್ಟರೆ ಮುಂದೆ ಶಿಕ್ಷಕರ ಮೇಲೆ ಮಾತು ಬರುವುದಿಲ್ಲ. ಈ ಲೆಕ್ಕದಲ್ಲಿ ಆ್ಯಂಕಿ ತುಂಬ ನಿರಾಳ, ಏಕೆಂದರೆ ಆಂಡ್ರಾಯ್ಡ್‌ನಲ್ಲಿ ಅದನ್ನು ಖಾತೆಯಿಲ್ಲದೆ, ನೆಟ್‌ವರ್ಕ್ ಇಲ್ಲದೆ ಪೂರ್ತಿಯಾಗಿ ಬಳಸಬಹುದು. ಗೂಗಲ್ ರೀಡ್ ಅಲಾಂಗ್ ಕೂಡ ಮಗುವಿನ ಧ್ವನಿಯನ್ನು ಫೋನಿನೊಳಗೇ ಗುರುತಿಸುವಂತೆ ರೂಪಿಸಿದ್ದು.

ಎರಡನೆಯದು, ಇಂದಿನ ಉಚಿತ ನಾಳೆಯೂ ಉಚಿತವಾಗಿರುತ್ತದೆಯೇ ಎಂಬುದು. ಕ್ವಿಜ್‌ಲೆಟ್ ಮಿಂಚುಪಟ್ಟಿಗಳಿಗೆ ಹೆಸರಾದ ತಾಣ. ಅಲ್ಲಿ ಬಹುಕಾಲ ಉಚಿತವಾಗಿದ್ದ ‘ಲರ್ನ್’ ವಿಭಾಗದ ಹೆಚ್ಚಿನ ಬಳಕೆ 2022ರಲ್ಲಿ ಚಂದಾದಾರರ ಪಾಲಾಯಿತು. ಕಂಪನಿಗಳು ಸಂಬಳ ಕೊಡಬೇಕು, ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಶಿಕ್ಷಕರು ರಾತ್ರಿ ಕುಳಿತು ಟೈಪ್ ಮಾಡಿದ ಪದಗಳು ಎಲ್ಲಿರುತ್ತವೆ, ಅವನ್ನು ಹೊರತೆಗೆದು ಬೇರೆಡೆಗೆ ಒಯ್ಯಬಹುದೇ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಐಫೋನ್ ಇರುವವರು ಗಮನಿಸಿ: ಆ್ಯಂಕಿ ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿನ ಅಧಿಕೃತ ಆ್ಯಪ್‌ಗೆ ಮಾತ್ರ ಹಣ ಕೊಡಬೇಕು. ಅದೇ ಹೆಸರಿನ ಹಲವು ಅನುಕರಣೆಗಳೂ ಆ್ಯಪ್ ಅಂಗಡಿಯಲ್ಲಿವೆ, ನೋಡಿ ಇಳಿಸಿಕೊಳ್ಳಿ.

ವಾರಾಂತ್ಯದ ಕನ್ನಡ ಶಾಲೆಯ ಸ್ವಯಂಸೇವಕಿ, ನ್ಯೂಜೆರ್ಸಿ

ನಮ್ಮ ಪರಿಸ್ಥಿತಿ ನಿಮ್ಮದಕ್ಕೆ ತದ್ವಿರುದ್ಧ. ಪ್ರತಿ ಮಗುವಿನ ಕೈಯಲ್ಲೂ ಟ್ಯಾಬ್ ಇದೆ, ನೆಟ್‌ವರ್ಕ್ ಇದೆ, ಸಿಗುವುದು ವಾರಕ್ಕೊಂದು ತರಗತಿ ಮಾತ್ರ. ಇಲ್ಲಿನ ಮಕ್ಕಳಿಗೆ ಅಜ್ಜಿ ಫೋನಿನಲ್ಲಿ ಹೇಳುವುದೆಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಪದ ಮುಟ್ಟಿ ಜೋಡಿಸುವ ಆ್ಯಪ್‌ಗಳು ಇಂಥ ಮಕ್ಕಳ ಬಾಯಿ ತೆರೆಸುವುದಿಲ್ಲ, ಗೊತ್ತಿರುವುದನ್ನೇ ಮತ್ತೆ ಗುರುತಿಸುವಂತೆ ಮಾಡುತ್ತವೆ ಅಷ್ಟೆ.

ನಮಗೆ ಹೆಚ್ಚು ಒದಗಿದ್ದು ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್. ಮುಕ್ತ ಪರವಾನಗಿಯ ಸಚಿತ್ರ ಕಥೆಗಳು, ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ, ಹಲವು ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇವೆ. ಇಳಿಸಿಕೊಂಡು ಮುದ್ರಿಸಬಹುದು, ಬೇಕಾದರೆ ವಾಕ್ಯಗಳನ್ನು ಸರಳಗೊಳಿಸಿ ನಮ್ಮದೇ ಆವೃತ್ತಿ ಮಾಡಬಹುದು; ಪರವಾನಗಿಯೇ ಅದಕ್ಕೆ ಅವಕಾಶ ಕೊಡುತ್ತದೆ. ಒಂದೇ ಕಥೆಯ ಚಿತ್ರ ತೋರಿಸಿ ಮಾತು ಅಳಿಸಿ, ಮಕ್ಕಳಿಂದಲೇ ಕನ್ನಡದಲ್ಲಿ ಹೇಳಿಸುತ್ತೇವೆ. ಆನೇಕಲ್‌ನ ಮೇಡಂ ಅವರ ತರಗತಿಗೆ ಇದು ಇನ್ನೂ ಚೆನ್ನಾಗಿ ಹೊಂದಬಹುದು, ಏಕೆಂದರೆ ಒಡಿಯಾ ಆಡುವ ಮಗುವಿಗೆ ಅದರ ಭಾಷೆಯಲ್ಲೇ ಮೊದಲು ಕಥೆ ಕೊಟ್ಟು, ಆಮೇಲೆ ಅದೇ ಚಿತ್ರಗಳ ಕನ್ನಡ ಪುಸ್ತಕ ಕೊಡಲು ಸಾಧ್ಯವಿದೆ.

ಇಂಗ್ಲಿಷ್ ಶಿಕ್ಷಕ, ಪ್ರೌಢಶಾಲೆ, ಧಾರವಾಡ

ಚರ್ಚೆ ಆ್ಯಂಕಿಯ ಕಡೆಗೆ ವಾಲುತ್ತಿರುವುದರಿಂದ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಪಟ್ಟಿ ಮಾಡುವವರು ಯಾರು? ಬೆಂಗಳೂರಿನ ಮೇಡಂ ಅವರಂತೆ ಪದ ಆರಿಸಿ, ಚಿತ್ರ ಹುಡುಕಿ, ಧ್ವನಿ ಮುದ್ರಿಸಿ ಜೋಡಿಸುವ ಬಿಡುವು, ಬಿಸಿಯೂಟದ ಲೆಕ್ಕದಿಂದ ಸಮೀಕ್ಷೆಯವರೆಗೆ ಎಲ್ಲವನ್ನೂ ಹೊತ್ತಿರುವ ಶಿಕ್ಷಕರಿಗೆ ಇದೆಯೇ? ಸಿದ್ಧ ಆ್ಯಪ್‌ನ ಕ್ರಮ ನಮ್ಮ ಪುಸ್ತಕಕ್ಕೆ ಹೊಂದದಿದ್ದರೂ ಅದು ನಾಳೆ ಬೆಳಿಗ್ಗೆಯೇ ಕೆಲಸಕ್ಕೆ ಬರುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಅಲ್ಲದೆ ಪದಗಳನ್ನು ಬಿಡಿಬಿಡಿಯಾಗಿ ನೆನಪಿಟ್ಟ ಮಗು ವಾಕ್ಯ ಆಡುತ್ತದೆ ಎಂಬ ಭರವಸೆ ಏನು? ನಮ್ಮಲ್ಲಿ ಕಂಠಪಾಠಕ್ಕೆ ಮೊದಲೇ ಕೊರತೆಯಿಲ್ಲ.

ಕನ್ನಡ ಶಿಕ್ಷಕಿ, ಖಾಸಗಿ ಶಾಲೆ, ಬೆಂಗಳೂರು

ಸರ್, ನಿಮ್ಮ ಎರಡನೆಯ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಅದಕ್ಕಾಗಿಯೇ ನಾನು ಬಿಡಿ ಪದದ ಪಟ್ಟಿಗಳನ್ನು ಓದುವ ತೊಡಕಿಗೆ ಮಾತ್ರ ಇಟ್ಟುಕೊಂಡಿದ್ದೇನೆ; ಮಾತಿನ ಅಭ್ಯಾಸಕ್ಕೆ ಪಟ್ಟಿಯಲ್ಲಿ ಇಡೀ ವಾಕ್ಯ ಇರುತ್ತದೆ. ‘ನನಗೆ ನೀರು ಬೇಕು’, ‘ನನಗೆ ಪೆನ್ಸಿಲ್ ಬೇಕು’, ‘ನನಗೆ ಅರ್ಥವಾಗಲಿಲ್ಲ’, ‘ಇನ್ನೊಮ್ಮೆ ಹೇಳಿ’ ಎಂಬವು ನಮ್ಮ ಮೊದಲ ವಾಕ್ಯಗಳು, ಏಕೆಂದರೆ ಇವನ್ನು ಮಗು ಅದೇ ದಿನ ತರಗತಿಯಲ್ಲಿ ಬಳಸುತ್ತದೆ. ಪಟ್ಟಿಯಲ್ಲಿ ಬಂದ ವಾಕ್ಯವನ್ನು ಬಾಯಿಂದ ಆಡಿಸದೆ ಮುಂದಕ್ಕೆ ಹೋಗುವುದಿಲ್ಲ.

ಮೊದಲನೆಯ ಆಕ್ಷೇಪಕ್ಕೆ ಉತ್ತರ, ಒಬ್ಬರೇ ಎಲ್ಲವನ್ನೂ ಮಾಡಬೇಕಾಗಿಲ್ಲ ಎಂಬುದು. ರಾಜ್ಯದ ಶಾಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಪಠ್ಯಪುಸ್ತಕ ಬಳಸುತ್ತವೆ. ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಶಿಕ್ಷಕರು ಪಾಠ ಹಂಚಿಕೊಂಡರೆ, ಪ್ರತಿಯೊಬ್ಬರ ಪಾಲಿಗೆ ಬರುವುದು ಒಂದೋ ಎರಡೋ ಪಾಠದ ಪದಗಳು. ಆ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮುಗಿಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ದೀಕ್ಷಾ ಎಂಬ ಸರ್ಕಾರಿ ಕಲಿಕಾ ವೇದಿಕೆಯಲ್ಲಿ ಸಿಗುವ ವಿಡಿಯೊ, ಅಭ್ಯಾಸಗಳನ್ನು ಇದರ ಜೊತೆ ಇಟ್ಟುಕೊಳ್ಳಬಹುದು. 2017ರಿಂದ ಇರುವ ಆ ವೇದಿಕೆಯ ದೊಡ್ಡ ಗುಣವೆಂದರೆ ಅದು ನಮ್ಮ ಪಾಠದ ಕ್ರಮದಲ್ಲೇ ಇರುವುದು. ಅದರಲ್ಲಿ ಮಗು ಹೆಚ್ಚಾಗಿ ನೋಡುತ್ತದೆ, ಕೇಳುತ್ತದೆ. ನೆನಪಿನಿಂದ ಎಳೆದು ಹೇಳುವ ಕೆಲಸಕ್ಕೆ ಬೇರೆ ಸಾಧನ ಬೇಕು.

ನಲಿಕಲಿ ಶಿಕ್ಷಕ, ರಾಯಚೂರು ಜಿಲ್ಲೆ

ರೀಡ್ ಅಲಾಂಗ್ ಬಗ್ಗೆ ಯಾರೂ ವಿವರ ಕೊಡಲಿಲ್ಲ, ಹೀಗಾಗಿ ಎರಡು ಮಾತು. 2019ರಲ್ಲಿ ಭಾರತದಲ್ಲಿ ‘ಬೋಲೋ’ ಎಂಬ ಹೆಸರಿನಲ್ಲಿ ಬಂದದ್ದು ಮುಂದಿನ ವರ್ಷ ರೀಡ್ ಅಲಾಂಗ್ ಆಯಿತು. ಮಗು ಕಥೆಯನ್ನು ಗಟ್ಟಿಯಾಗಿ ಓದುತ್ತದೆ, ದಿಯಾ ಎಂಬ ಪಾತ್ರ ಕೇಳಿಸಿಕೊಳ್ಳುತ್ತದೆ. ಮಗು ತಡವರಿಸಿದ ಪದವನ್ನು ಮುಟ್ಟಿದರೆ ಹೇಳಿಕೊಡುತ್ತದೆ. ಕಥೆಗಳನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ಇಂಗ್ಲಿಷ್ ಓದಿಗೆ ನಾನು ಕಂಡ ಉಚಿತ ಸಾಧನಗಳಲ್ಲಿ ಇದೇ ಉತ್ತಮ, ಏಕೆಂದರೆ ಒಬ್ಬ ಶಿಕ್ಷಕ ದಿನಕ್ಕೆ ಎಲ್ಲ ಮಕ್ಕಳ ಓದನ್ನೂ ಕುಳಿತು ಕೇಳಲಾರ. ಇದಕ್ಕೆ ಮೌನ ಬೇಕು. ತರಗತಿಯ ನಡುವೆ ನಾಲ್ಕು ಟ್ಯಾಬ್ ಒಟ್ಟಿಗೆ ಓದಿಸಿದರೆ ಒಬ್ಬರ ಧ್ವನಿ ಇನ್ನೊಬ್ಬರ ಟ್ಯಾಬ್‌ಗೆ ಕೇಳಿಸುತ್ತದೆ. ಜಗುಲಿಯ ಎರಡು ತುದಿ, ಗ್ರಂಥಾಲಯದ ಮೂಲೆ, ಹೀಗೆ ದೂರ ದೂರ ಕೂರಿಸಿ, ಪಾಳಿಯ ಮೇಲೆ ಓದಿಸುವುದು ಒಳ್ಳೆಯದು. ನಮ್ಮ ಮಕ್ಕಳು ‘ಸ್ಕೂಲ್’ ಅನ್ನು ‘ಇಸ್ಕೂಲ್’ ಎಂದಾಗ ಅದು ಒಪ್ಪಿದರೂ ಒಪ್ಪಬಹುದು, ಒಪ್ಪದಿದ್ದರೂ ಇರಬಹುದು. ಅದರ ನಕ್ಷತ್ರಗಳನ್ನು ಅಂಕವೆಂದು ರಿಜಿಸ್ಟರಿನಲ್ಲಿ ಬರೆಯಬಾರದು.

ಸಹಶಿಕ್ಷಕಿ, ಹಿರಿಯ ಪ್ರಾಥಮಿಕ ಶಾಲೆ, ಆನೇಕಲ್ ತಾಲ್ಲೂಕು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿಮ್ಮ ಮಾತುಗಳನ್ನು ನನ್ನ ತರಗತಿಗೆ ಹೊಂದಿಸಿಕೊಂಡು ಹೀಗೆ ಮಾಡಬೇಕೆಂದಿದ್ದೇನೆ. ಟ್ಯಾಬ್‌ಗಳಲ್ಲಿ ರೀಡ್ ಅಲಾಂಗ್, ಊಟದ ನಂತರದ ಹೊತ್ತಿನಲ್ಲಿ ಪಾಳಿಯ ಮೇಲೆ, ಜಗುಲಿಯಲ್ಲಿ. ಹೊಸ ಮಕ್ಕಳಿಗೆ ಕನ್ನಡ ವಾಕ್ಯ ಮತ್ತು ಒತ್ತಕ್ಷರದ ಪಟ್ಟಿಗಳು, ಇಡೀ ಗುಂಪಿಗೆ ಟಿವಿಯಲ್ಲಿ ಆ್ಯಂಕಿ, ಒಬ್ಬೊಬ್ಬರಿಗೆ ರಟ್ಟಿನ ಡಬ್ಬಿ. ಶನಿವಾರದ ಕಿರುಪರೀಕ್ಷೆಗೆ ಪ್ಲಿಕರ್ಸ್, ಅದರಲ್ಲಿ ಹೆಸರಿಲ್ಲ, ಹಾಜರಿ ಸಂಖ್ಯೆ ಮಾತ್ರ. ಡ್ಯುಯೊಲಿಂಗೊವನ್ನು ಸದ್ಯಕ್ಕೆ ಬಿಡುತ್ತೇನೆ. ನಮ್ಮಲ್ಲಿ ಅನೇಕ ಮಕ್ಕಳಿಗೆ ಮನೆಯ ಫೋನು ಸಿಗುವುದು ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದಮೇಲೆ, ಸಿಗುವ ಮತ್ತು ಸಿಗದ ಮಕ್ಕಳ ನಡುವೆ ಅಂಕಪಟ್ಟಿಯ ಅಂತರ ಹುಟ್ಟುವುದು ನನಗೆ ಇಷ್ಟವಿಲ್ಲ. ಧಾರವಾಡದ ಸರ್ ಹೇಳಿದ ಕೆಲಸದ ಹೊರೆಯ ಮಾತು ಮನಸ್ಸಿನಲ್ಲಿದೆ. ಮುಂದಿನ ಸಮಾಲೋಚನಾ ಸಭೆಯಲ್ಲಿ ಪಾಠ ಹಂಚಿಕೊಳ್ಳುವ ವಿಷಯ ಇಡುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಪಟ್ಟಿಗಳನ್ನು ಒಂದೊಂದಾಗಿ ಫೋನಿನಲ್ಲಿ ಟೈಪ್ ಮಾಡುವುದು ನಿಧಾನ. ಶಾಲೆಯ ಕಂಪ್ಯೂಟರಿನಲ್ಲಿ ಒಟ್ಟಿಗೆ ಮಾಡಿ ಟ್ಯಾಬ್‌ಗಳಿಗೆ ಹಾಕುವ ದಾರಿ ಇದೆಯೇ?

ಕನ್ನಡ ಶಿಕ್ಷಕಿ, ಖಾಸಗಿ ಶಾಲೆ, ಬೆಂಗಳೂರು

ಇದೆ ಮೇಡಂ. ಸ್ಪ್ರೆಡ್‌ಶೀಟ್‌ನ ಮೊದಲ ಕಾಲಂನಲ್ಲಿ ಕನ್ನಡ ಪದ ಅಥವಾ ವಾಕ್ಯ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಪಾಠದ ಹೆಸರು ಬರೆಯಿರಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ ಟ್ಯಾಬ್‌ನಲ್ಲಿ ಅ‌ರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹಾಗೆ ಮಾಡಿಟ್ಟದ್ದಿದ್ದರೆ ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಶೀಟನ್ನು ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿ, ಕಂಪ್ಯೂಟರಿನ ಆ್ಯಂಕಿಯಲ್ಲಿ ‘ಇಂಪೋರ್ಟ್’ ಒತ್ತಿದರೆ ಪಟ್ಟಿಗಳೆಲ್ಲ ಒಂದೇ ಸಲಕ್ಕೆ ಆಗುತ್ತವೆ. ಆಮೇಲೆ ಆ ಗುಂಪನ್ನು ‘ಎಕ್ಸ್‌ಪೋರ್ಟ್’ ಮಾಡಿ, ಬಂದ ಕಡತವನ್ನು ಬ್ಲೂಟೂತ್ ಅಥವಾ ಪೆನ್‌ಡ್ರೈವ್ ಮೂಲಕ ಟ್ಯಾಬ್‌ಗೆ ಹಾಕಿ ತೆರೆಯಬಹುದು. ಚಿತ್ರ ಮತ್ತು ಮಕ್ಕಳ ಧ್ವನಿಯನ್ನು ಟ್ಯಾಬ್‌ನಲ್ಲೇ ಪಟ್ಟಿ ತಿದ್ದುವ ಪುಟದಿಂದ ಸೇರಿಸಲು ಬರುತ್ತದೆ. ಮೊದಲು ಹತ್ತು ಪದಗಳ ಸಣ್ಣ ಕಡತವನ್ನು ಒಂದೇ ಟ್ಯಾಬ್‌ನಲ್ಲಿ ತೆರೆದು, ‘ರಸ್ತೆ’, ‘ಸೂರ್ಯ’ ಎರಡೂ ಸರಿಯಾಗಿ ಮೂಡಿವೆಯೇ ಎಂದು ನೋಡಿಕೊಂಡು ಉಳಿದವುಗಳಿಗೆ ಹಾಕಿ. ನನ್ನ ಒತ್ತಕ್ಷರದ ಶೀಟನ್ನು ಇಂದು ಸಂಜೆ ಇಲ್ಲಿಯೇ ಹಂಚುತ್ತೇನೆ, ನಿಮ್ಮ ಪುಸ್ತಕದ ಪದಗಳನ್ನು ಅದರ ಕೆಳಗೆ ಸೇರಿಸುತ್ತ ಹೋಗಬಹುದು.